ಎಂಟು ತಂಡಗಳಿಂದ ಅರವತ್ತೆಂಟಕ್ಕೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಬೆಳೆದ ಬಗೆ

ಪ್ರಶ್ನೆ: ಅಮೆರಿಕದಲ್ಲಿ ಕೆಲಸ ಮಾಡುವ ನನ್ನ ಮಗಳು ಹೇಳುವಂತೆ, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಅವಳ ಕಚೇರಿಯವರೆಲ್ಲ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನು ಮೊದಲೇ ಊಹಿಸಿ ಒಂದು ನಕ್ಷೆ ತುಂಬುತ್ತಾರೆ, ಆಟದ ಗಂಧಗಾಳಿ ಇಲ್ಲದವರೂ ಬಿಡುವುದಿಲ್ಲ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ಆಟಗಾರರ ಸ್ನೇಹಿತರನ್ನು ಬಿಟ್ಟರೆ ಯಾರೂ ನೋಡುವುದಿಲ್ಲ. ವಿದ್ಯಾರ್ಥಿಗಳ ಪಂದ್ಯಾವಳಿಯೊಂದು ಅಲ್ಲಿ ಇಷ್ಟು ದೊಡ್ಡದಾಗಿದ್ದು ಹೇಗೆ? ಮೊದಲಿನಿಂದಲೂ ಹೀಗೆಯೇ ಇತ್ತೇ? ಅಷ್ಟೊಂದು ಹಣ ಹರಿದಾಡುವಾಗ ಆಡುವವರಿಗೆ ಏನು ಸಿಗುತ್ತದೆ?

ಉತ್ತರ: ಮೊದಲಿನಿಂದ ಹೀಗಿರಲಿಲ್ಲ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, ತನ್ನದೆಂದು ಹೇಳಿಕೊಳ್ಳುವ ಈ ಪಂದ್ಯಾವಳಿ 1939ರಲ್ಲಿ ಆರಂಭವಾದಾಗ ಅದರಲ್ಲಿ ಆಡಿದ್ದು ಎಂಟೇ ತಂಡಗಳು. ಫೈನಲ್ ನೋಡಲು ಬಂದವರು ಸುಮಾರು 5,500 ಮಂದಿ, ಲೆಕ್ಕ ಮುಗಿಸಿದಾಗ ಕೈಗೆ ಬಂದದ್ದು 2,531 ಡಾಲರ್ ನಷ್ಟ. ಇಂದಿನ ರೂಪವನ್ನು ಯಾರೂ ಕುಳಿತು ಯೋಜಿಸಲಿಲ್ಲ. ಪೈಪೋಟಿ, ಹಗರಣ, ಅನ್ಯಾಯವಾಯಿತೆಂಬ ಕೂಗು, ಟೆಲಿವಿಷನ್ ಹಣ ಇವು ಒಂದೊಂದಾಗಿ ಅದನ್ನು ತಳ್ಳುತ್ತ ಬಂದವು. ಆಡಳಿತಗಾರರು ಬಹುಪಾಲು ಹಿಂದಿನಿಂದ ಓಡಿ ಬಂದು ನಿಯಮ ಬರೆದರು. ನನ್ನ ಉತ್ತರ ಉದ್ದವಾಗಲು ಇದೇ ಕಾರಣ.

ಮೊದಲು ಒಂದು ಹಿನ್ನೆಲೆ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಲೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆಸಿ 13 ನಿಯಮಗಳನ್ನು ಬರೆದು ಈ ಆಟವನ್ನು ರೂಪಿಸಿದರು. ಅಂದರೆ ಆಟ ಹುಟ್ಟಿದ್ದೇ ತರಗತಿಯೊಂದರಲ್ಲಿ. ಇಂದು ನಾವು ಎನ್‌ಬಿಎ ಎಂದು ಕರೆಯುವ ವೃತ್ತಿಪರ ಲೀಗಿನ ಬೇರು ಇರುವುದು 1946ರಲ್ಲಿ. ಅಷ್ಟು ಹೊತ್ತಿಗೆ ಕಾಲೇಜುಗಳು ಅರ್ಧ ಶತಮಾನ ಆಡಿಯಾಗಿತ್ತು, ಅವುಗಳ ಸುತ್ತ ಅಭಿಮಾನ ಬೆಳೆದಾಗಿತ್ತು. ಕ್ಯಾನ್ಸಸ್, ಕೆಂಟಕಿ, ಇಂಡಿಯಾನಾ, ನಾರ್ತ್ ಕ್ಯಾರೊಲೈನಾದಂತಹ ರಾಜ್ಯಗಳಲ್ಲಿ ವಿಶ್ವವಿದ್ಯಾಲಯದ ತಂಡವೇ ರಾಜ್ಯದ ತಂಡ. ಅಲ್ಲಿ ಓದದವರೂ ಅದನ್ನು ತಮ್ಮದೆಂದೇ ತಿಳಿಯುತ್ತಾರೆ. ನಮ್ಮ ಅಂತರ ವಿಶ್ವವಿದ್ಯಾಲಯ ಕ್ರೀಡೆಗೆ ಈ ಪೂರ್ವಾರ್ಜಿತ ಇಲ್ಲ. ನಮ್ಮಲ್ಲಿ ಆ ನಿಷ್ಠೆ ರಣಜಿ ತಂಡಕ್ಕೆ, ಈಚೆಗೆ ಐಪಿಎಲ್ ತಂಡಕ್ಕೆ ಹೋಯಿತು.

ರಾಷ್ಟ್ರಮಟ್ಟದ ಪಂದ್ಯಾವಳಿಯ ಕಲ್ಪನೆ ಎನ್‌ಸಿಎಎಗೆ ಮೊದಲು ಹೊಳೆದದ್ದೂ ಅಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಬೃಹತ್ ಒಳಾಂಗಣದಲ್ಲಿ ನೆಡ್ ಐರಿಷ್ ಎಂಬ ಸಂಘಟಕರು ಒಂದೇ ರಾತ್ರಿ ಎರಡು ಕಾಲೇಜು ಪಂದ್ಯಗಳನ್ನು ಏರ್ಪಡಿಸಿ, ದೂರದ ರಾಜ್ಯಗಳ ತಂಡಗಳನ್ನು ಕರೆಸಿ, ಸಾವಿರಾರು ಟಿಕೆಟ್ ಮಾರಿ ತೋರಿಸಿದ್ದರು. ಅದರ ಬೆನ್ನಿಗೆ 1938ರಲ್ಲಿ ಆ ನಗರದ ಕ್ರೀಡಾ ವರದಿಗಾರರ ಸಂಘ ಆರು ತಂಡಗಳ ಆಹ್ವಾನಿತ ಪಂದ್ಯಾವಳಿಯೊಂದನ್ನು ಆರಂಭಿಸಿತು. ಅದರ ಹೆಸರು ಎನ್‌ಐಟಿ. ಸುರತ್ಕಲ್ಲಿನದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲ ಫೈನಲ್‌ನಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯವು ಕೊಲರಾಡೊವನ್ನು 60-36ರಿಂದ ಸೋಲಿಸಿತು. ಸೋತ ತಂಡದಲ್ಲಿದ್ದ ಬೈರನ್ ವೈಟ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಇದಕ್ಕೂ ಒಂದು ವರ್ಷ ಮೊದಲೇ ಕ್ಯಾನ್ಸಸ್ ಸಿಟಿಯಲ್ಲಿ ಸಣ್ಣ ಕಾಲೇಜುಗಳಿಗಾಗಿ ಒಂದು ಪಂದ್ಯಾವಳಿ ಶುರುವಾಗಿತ್ತು, ಅದಕ್ಕೆ ವೃದ್ಧ ನೈಸ್ಮಿತ್ ಅವರೂ ಕೈಜೋಡಿಸಿದ್ದರು.

ನ್ಯೂಯಾರ್ಕಿನ ಪತ್ರಕರ್ತರು ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕೆಂದು ನಿರ್ಧರಿಸಿ ಅದನ್ನೇ ರಾಷ್ಟ್ರೀಯ ಪ್ರಶಸ್ತಿ ಎನ್ನುವುದು ಉಳಿದ ಪ್ರದೇಶಗಳ ಕೋಚ್‌ಗಳಿಗೆ ಸಹಿಸಲಿಲ್ಲ. ಒಹಾಯೊ ಸ್ಟೇಟ್‌ನ ಕೋಚ್ ಹೆರಾಲ್ಡ್ ಓಲ್ಸನ್ ಮುಂದಾಳತ್ವ ವಹಿಸಿದರು, ಕ್ಯಾನ್ಸಸ್‌ನ ಫಾಗ್ ಅಲೆನ್ ಬೆನ್ನಿಗೆ ನಿಂತರು. ದೇಶವನ್ನು ಎಂಟು ವಲಯಗಳಾಗಿ ವಿಂಗಡಿಸಿ ವಲಯಕ್ಕೊಂದು ತಂಡದಂತೆ ಆರಿಸುವುದೆಂದು ತೀರ್ಮಾನವಾಯಿತು. ಪೂರ್ವದ ನಾಲ್ಕು ತಂಡಗಳು ಫಿಲಡೆಲ್ಫಿಯಾದಲ್ಲಿ, ಪಶ್ಚಿಮದ ನಾಲ್ಕು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಟ್ರೆಷರ್ ದ್ವೀಪದಲ್ಲಿ ಆಡಿದವು. 1939ರ ಮಾರ್ಚ್ 27ರಂದು ಷಿಕಾಗೊ ಪಕ್ಕದ ಎವನ್‌ಸ್ಟನ್ನಿನಲ್ಲಿ ನಡೆದ ಫೈನಲ್‌ನಲ್ಲಿ ಆರೆಗನ್ ತಂಡವು ಓಲ್ಸನ್‌ರದೇ ಒಹಾಯೊ ಸ್ಟೇಟನ್ನು 46-33ರಿಂದ ಮಣಿಸಿತು. ಆರೆಗನ್‌ನ ನಾಯಕ ಬಾಬಿ ಆನೆಟ್ ಚೆಂಡಿನ ಹಿಂದೆ ಹಾರಿ ಪಕ್ಕದ ಮೇಜಿಗೆ ಬಡಿದಾಗ ಅಲ್ಲಿದ್ದ ಟ್ರೋಫಿಯೇ ಮುರಿದಿತ್ತು. ನಷ್ಟದ ಹೊರೆ ಕೋಚ್‌ಗಳ ಸಂಘದ ಮೇಲೆ ಬಿತ್ತು. ಅವರು ಎನ್‌ಸಿಎಎಯ ಮೊರೆ ಹೊಕ್ಕರು. ಪಂದ್ಯಾವಳಿಯ ಒಡೆತನ ಆ ಸಂಸ್ಥೆಗೆ ಹೋಯಿತು. ಮುಂದೆ ಶತಕೋಟಿಗಟ್ಟಲೆ ಡಾಲರ್ ತಂದ ಆಸ್ತಿಯೊಂದು ಕೈ ಬದಲಾಯಿಸಿದ್ದು ಎರಡೂವರೆ ಸಾವಿರ ಡಾಲರ್ ಸಾಲಕ್ಕೆ. ಮರುವರ್ಷ ಕ್ಯಾನ್ಸಸ್ ಸಿಟಿಯಲ್ಲಿ ಅಲೆನ್ ವ್ಯವಸ್ಥೆ ಮಾಡಿದ ಫೈನಲ್ ಲಾಭವನ್ನೇ ತಂದಿತು.

ಮುಂದಿನ ಹತ್ತು ವರ್ಷಗಳಲ್ಲಿ ಇವೆರಡರಲ್ಲಿ ಯಾವುದು ದೊಡ್ಡದೆಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಿರಲಿಲ್ಲ; ಹಲವು ತಂಡಗಳಿಗೆ ನ್ಯೂಯಾರ್ಕಿನ ದೀಪಗಳೇ ಹೆಚ್ಚು ಆಕರ್ಷಕವಾಗಿದ್ದವು. 1944ರ ಯೂಟಾ ತಂಡದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಎನ್‌ಸಿಎಎಯ ಕರೆಯನ್ನು ಬಿಟ್ಟು ಅವರು ಎನ್‌ಐಟಿಗೆ ಹೋದರು, ಮೊದಲ ಪಂದ್ಯದಲ್ಲೇ ಕೆಂಟಕಿಗೆ ಸೋತರು. ಅದೇ ಹೊತ್ತಿಗೆ ಅರ್ಕನ್ಸಾ ತಂಡದ ಆಟಗಾರರು ರಸ್ತೆ ಅಪಘಾತಕ್ಕೆ ಸಿಕ್ಕಿ ಆ ತಂಡ ಎನ್‌ಸಿಎಎ ಪಂದ್ಯಾವಳಿಯಿಂದ ಹಿಂದೆ ಸರಿಯಿತು. ತೆರವಾದ ಜಾಗಕ್ಕೆ ಯೂಟಾವನ್ನು ಕರೆದರು. ಸೋತು ಮನೆಗೆ ಹೊರಟಿದ್ದ ತಂಡ ಕ್ಯಾನ್ಸಸ್ ಸಿಟಿಯಲ್ಲಿ ಗೆದ್ದು, ಪುನಃ ನ್ಯೂಯಾರ್ಕಿಗೇ ಬಂದು, ಹೆಚ್ಚುವರಿ ಅವಧಿಯಲ್ಲಿ ಡಾರ್ಟ್‌ಮತ್ ತಂಡವನ್ನು 42-40ರಿಂದ ಸೋಲಿಸಿ ಚಾಂಪಿಯನ್ ಆಯಿತು. ಅಲ್ಲಿಗೇ ನಿಲ್ಲದೆ, ರೆಡ್ ಕ್ರಾಸ್ ನಿಧಿಗಾಗಿ ನಡೆದ ಪಂದ್ಯದಲ್ಲಿ ಎನ್‌ಐಟಿ ವಿಜೇತ ಸೇಂಟ್ ಜಾನ್ಸ್ ತಂಡವನ್ನೂ ಕೆಡವಿತು. ಆ ತಂಡದಲ್ಲಿ ವಾಟ್ ಮಿಸಾಕಾ ಎಂಬ ಜಪಾನೀ ಮೂಲದ ಅಮೆರಿಕನ್ ಹುಡುಗನಿದ್ದ. ಅವನಂತಹ ಸಾವಿರಾರು ಕುಟುಂಬಗಳನ್ನು ಸರಕಾರ ಶಿಬಿರಗಳಲ್ಲಿ ಕೂಡಿಹಾಕಿದ್ದ ಯುದ್ಧಕಾಲವದು.

1943ರಿಂದ 1950ರವರೆಗೆ, 1949ನ್ನು ಬಿಟ್ಟು, ಎನ್‌ಸಿಎಎಯ ಫೈನಲ್ ಕೂಡ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆಯಿತು. ಪ್ರತಿಸ್ಪರ್ಧಿಯ ಮನೆಯಂಗಳದಲ್ಲೇ ಹಬ್ಬ ಮಾಡಿಕೊಂಡಂತಿದ್ದ ಈ ಏರ್ಪಾಟು 1950ರಲ್ಲಿ ಶಿಖರ ಮುಟ್ಟಿತು. ಶುಲ್ಕವಿಲ್ಲದೆ ಕಲಿಸುತ್ತಿದ್ದ ನ್ಯೂಯಾರ್ಕಿನ ಸಿಟಿ ಕಾಲೇಜು, ಬಹುತೇಕ ಯಹೂದಿ ಮತ್ತು ಕಪ್ಪು ಜನಾಂಗದ ಬಡ ಮನೆಗಳ ಹುಡುಗರ ತಂಡದೊಂದಿಗೆ, ಒಂದೇ ಋತುವಿನಲ್ಲಿ ಎರಡೂ ಪಂದ್ಯಾವಳಿಗಳನ್ನು ಗೆದ್ದಿತು; ಎರಡು ಫೈನಲ್‌ಗಳಲ್ಲೂ ಎದುರಾಳಿ ಬ್ರಾಡ್ಲಿ. ಆ ಸಾಧನೆ ಮತ್ತೆ ಯಾರಿಂದಲೂ ಆಗಲಿಲ್ಲ. ಒಂದು ವರ್ಷದೊಳಗೆ, 1951ರ ಫೆಬ್ರವರಿಯಲ್ಲಿ, ಮ್ಯಾನ್‌ಹ್ಯಾಟನ್ನಿನ ಜಿಲ್ಲಾ ಅಭಿಯೋಜಕ ಫ್ರ್ಯಾಂಕ್ ಹೋಗನ್ ಅವರ ಕಚೇರಿ ಆ ತಂಡದ ಆಟಗಾರರನ್ನು ಬಂಧಿಸಿತು.

ಅವರ ಮೇಲಿದ್ದ ಆರೋಪ ಪಂದ್ಯ ಸೋತರೆಂಬುದಷ್ಟೇ ಅಲ್ಲ, ಅದಕ್ಕಿಂತ ಸೂಕ್ಷ್ಮವಾದದ್ದು. ಅಮೆರಿಕದ ಜೂಜುಕೋರರು ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಎಷ್ಟು ಅಂಕಗಳ ಅಂತರದಿಂದ ಗೆಲ್ಲುತ್ತಾರೆ ಎಂಬುದರ ಮೇಲೆ ಹಣ ಕಟ್ಟುತ್ತಿದ್ದರು. ಹನ್ನೆರಡು ಅಂಕಗಳಿಂದ ಗೆಲ್ಲಬಲ್ಲ ತಂಡ ಆರರಿಂದ ಗೆದ್ದರೆ ಕಾಲೇಜಿಗೆ ಗೆಲುವೂ ಉಳಿಯಿತು, ಜೂಜುಕೋರನಿಗೆ ಹಣವೂ ಬಂತು. ಆಟಗಾರ ತಾನು ಯಾರಿಗೂ ದ್ರೋಹ ಮಾಡಲಿಲ್ಲವೆಂದು ತನ್ನನ್ನೇ ನಂಬಿಸಿಕೊಳ್ಳಬಹುದಿತ್ತು. ತನಿಖೆ ಹರಡಿದಂತೆ ಏಳು ಕಾಲೇಜುಗಳ ಮೂವತ್ತಕ್ಕೂ ಹೆಚ್ಚು ಆಟಗಾರರ ಹೆಸರು ಬಂತು. ಇದೆಲ್ಲ ನ್ಯೂಯಾರ್ಕಿನ ಹೊಲಸು ಎಂದು ಹಲವರು ಹೇಳುತ್ತಿರುವಾಗಲೇ ಕೆಂಟಕಿಯ ಹೆಸರೂ ಹೊರಬಿದ್ದು, ಆ ತಂಡದ 1952-53ರ ಋತುವೇ ರದ್ದಾಯಿತು. ಎನ್‌ಸಿಎಎಯ ಫೈನಲ್ ಆ ನಂತರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಎಂದೂ ಮರಳಿಲ್ಲ. ಎನ್‌ಐಟಿಯ ಬೇರು ಆ ಅಂಗಳದಲ್ಲೇ ಇದ್ದುದರಿಂದ ಅದಕ್ಕೆ ಹೋಗಲು ಬೇರೆ ಜಾಗವಿರಲಿಲ್ಲ. 1951ರಲ್ಲಿ ಎನ್‌ಸಿಎಎ ತನ್ನ ತಂಡಗಳನ್ನು 16ಕ್ಕೆ ಹೆಚ್ಚಿಸಿ, ಪ್ರಮುಖ ಕಾನ್ಫರೆನ್ಸ್‌ಗಳ ವಿಜೇತರಿಗೆ ನೇರ ಪ್ರವೇಶ ಕೊಟ್ಟಿತು. ಕಾನ್ಫರೆನ್ಸ್ ಎಂದರೆ ಋತುವಿಡೀ ಪರಸ್ಪರ ಆಡುವ ಕಾಲೇಜುಗಳ ಪ್ರಾದೇಶಿಕ ಕೂಟ. ಈ ಒಂದು ನಿಯಮದಿಂದ ದೇಶದ ಒಳ್ಳೆಯ ತಂಡಗಳಲ್ಲಿ ಹೆಚ್ಚಿನವು ತಾವಾಗಿಯೇ ಇತ್ತ ಬಂದವು. 1970ರಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ತಂಡದ ಕೋಚ್ ಅಲ್ ಮೆಗ್ವಾಯರ್ ತಮ್ಮನ್ನು ದೂರದ ವಲಯಕ್ಕೆ ಹಾಕಿದರೆಂದು ಸಿಟ್ಟಿಗೆದ್ದು ಎನ್‌ಸಿಎಎಯ ಕರೆಯನ್ನೇ ತಿರಸ್ಕರಿಸಿ ಎನ್‌ಐಟಿ ಗೆದ್ದದ್ದು ಆ ಹಳೆಯ ಪೈಪೋಟಿಯ ಕೊನೆಯ ಕಿಡಿ. ಬಳಿಕ ಹಾಗೆ ತಿರಸ್ಕರಿಸುವ ದಾರಿಯನ್ನೇ ಎನ್‌ಸಿಎಎ ಮುಚ್ಚಿತು. 2005ರಲ್ಲಿ ಎನ್‌ಐಟಿಯನ್ನೇ ಕೊಂಡುಕೊಂಡಿತು.

ಈ ಪಂದ್ಯಾವಳಿಯ ಚರಿತ್ರೆಯನ್ನು ಬರಿಯ ಆಟದ ಚರಿತ್ರೆಯಾಗಿ ಓದಲು ಬಾರದಿರುವುದು 1960ರ ದಶಕದ ಕಾರಣದಿಂದ. ಮಿಸಿಸಿಪಿ ರಾಜ್ಯದಲ್ಲಿ ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳ ತಂಡಗಳು ಕಪ್ಪು ಆಟಗಾರರಿರುವ ತಂಡದೊಂದಿಗೆ ಆಡಬಾರದೆಂಬ ಅಲಿಖಿತ ಕಟ್ಟಳೆಯಿತ್ತು. ಅದರಿಂದಾಗಿ ಮಿಸಿಸಿಪಿ ಸ್ಟೇಟ್ ತಂಡ ತನ್ನ ಕಾನ್ಫರೆನ್ಸ್ ಗೆದ್ದೂ 1959, 1961, 1962ರಲ್ಲಿ ಎನ್‌ಸಿಎಎ ಪಂದ್ಯಾವಳಿಗೆ ಹೋಗಲಿಲ್ಲ. 1963ರಲ್ಲಿ ಮತ್ತೆ ಅರ್ಹತೆ ಬಂದಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕೊಲ್ವಾರ್ಡ್ ಕಳುಹಿಸಲು ನಿರ್ಧರಿಸಿದರು. ರಾಜ್ಯದ ಶಾಸಕರೊಬ್ಬರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಆಜ್ಞೆ ಕೈಗೆ ಮುಟ್ಟುವ ಮೊದಲೇ ಕೋಚ್ ಬೇಬ್ ಮೆಕಾರ್ಥಿ ರಾಜ್ಯದ ಗಡಿ ದಾಟಿದರು, ಆಟಗಾರರು ಮರುದಿನ ಬೆಳಿಗ್ಗೆ ವಿಮಾನ ಹತ್ತಿದರು. ಮಾರ್ಚ್ 15ರಂದು ಮಿಷಿಗನ್ನಿನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಅವರ ಎದುರಾಳಿ ಷಿಕಾಗೊದ ಲೊಯೋಲಾ. ಅದರ ಆರಂಭಿಕ ಐವರಲ್ಲಿ ನಾಲ್ವರು ಕಪ್ಪು ಆಟಗಾರರು. ಆಟಕ್ಕೆ ಮುನ್ನ ನಾಯಕರಾದ ಜೋ ಡ್ಯಾನ್ ಗೋಲ್ಡ್ ಮತ್ತು ಜೆರಿ ಹಾರ್ಕ್ನೆಸ್ ಕೈಕುಲುಕಿದಾಗ ಛಾಯಾಗ್ರಾಹಕರ ಬೆಳಕು ಒಮ್ಮೆಲೇ ಚಿಮ್ಮಿತು. ಲೊಯೋಲಾ 61-51ರಿಂದ ಗೆದ್ದಿತು, ಮುಂದೆ ಹೆಚ್ಚುವರಿ ಅವಧಿಯಲ್ಲಿ ಸಿನ್ಸಿನಾಟಿಯನ್ನು 60-58ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಮೂರು ವರ್ಷಗಳ ನಂತರ, 1966ರ ಮಾರ್ಚ್ 19ರಂದು, ಟೆಕ್ಸಸ್‌ನ ಎಲ್ ಪಾಸೊದ ಟೆಕ್ಸಸ್ ವೆಸ್ಟರ್ನ್ ಕಾಲೇಜಿನ ಕೋಚ್ ಡಾನ್ ಹ್ಯಾಸ್ಕಿನ್ಸ್ ಫೈನಲ್‌ಗೆ ಐವರು ಕಪ್ಪು ಆಟಗಾರರನ್ನೇ ಕಣಕ್ಕಿಳಿಸಿ, ಅಡಾಲ್ಫ್ ರಪ್ ಅವರ ಸಂಪೂರ್ಣ ಬಿಳಿಯರ ಕೆಂಟಕಿ ತಂಡವನ್ನು 72-65ರಿಂದ ಸೋಲಿಸಿದರು. ಈ ಪಂದ್ಯದ ಕಥೆಯೇ ಹೆಚ್ಚು ಪ್ರಸಿದ್ಧ. ಆದರೂ ನನ್ನ ಅಭಿಪ್ರಾಯದಲ್ಲಿ 1963ರದ್ದೇ ದೊಡ್ಡ ತಿರುವು, ಏಕೆಂದರೆ ಅಲ್ಲಿ ಒಂದು ರಾಜ್ಯದ ಕಟ್ಟಳೆಯನ್ನು ಮುರಿದದ್ದು ಆ ರಾಜ್ಯದ ಬಿಳಿಯ ಹುಡುಗರ ಆಡುವ ಆಸೆ, ಆ ಆಸೆಗೆ ದಾರಿಯಾದದ್ದು ಈ ಪಂದ್ಯಾವಳಿ. ದಕ್ಷಿಣದ ಬಾಗಿಲು ಅಲ್ಲಿಗೇ ತೆರೆಯಲಿಲ್ಲ. ಕೆಂಟಕಿ ಮತ್ತು ಮಿಸಿಸಿಪಿ ಸ್ಟೇಟ್ ಸೇರಿದ್ದ ಆಗ್ನೇಯ ಕಾನ್ಫರೆನ್ಸ್‌ನಲ್ಲಿ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿ ವ್ಯಾಂಡರ್‌ಬಿಲ್ಟ್‌ನ ಪೆರಿ ವಾಲೆಸ್ ಮುಖ್ಯ ತಂಡಕ್ಕೆ ಆಡಿದ್ದು 1967ರ ಕೊನೆಯಲ್ಲಿ.

ಇದರ ನಡುವೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡ ಬೇರೆಯವರಿಗೆ ಏನನ್ನೂ ಬಿಡದ ಕಾಲವೂ ಬಂತು. ಜಾನ್ ವುಡನ್ ಅವರ ತರಬೇತಿಯಲ್ಲಿ ಅದು 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಬಾರಿ, ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು ಬಾರಿ ಪ್ರಶಸ್ತಿ ಗೆದ್ದಿತು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಆಡಿದ ಮೂರು ವರ್ಷವೂ ಗೆಲುವೇ. ಆತನ ಮೊದಲ ಋತು ಮುಗಿದ ಬೆನ್ನಲ್ಲೇ ಕಾಲೇಜು ಆಟದಲ್ಲಿ ಡಂಕ್ ಹೊಡೆಯುವುದನ್ನೇ, ಅಂದರೆ ಜಿಗಿದು ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದನ್ನೇ, ನಿಷೇಧಿಸಲಾಯಿತು, ಆ ನಿಷೇಧ 1976ರವರೆಗೆ ಇತ್ತು. 1973ರ ಫೈನಲ್‌ನಲ್ಲಿ ಬಿಲ್ ವಾಲ್ಟನ್ 22 ಎಸೆತಗಳಲ್ಲಿ 21ನ್ನು ಬುಟ್ಟಿಗೆ ಹಾಕಿ 44 ಅಂಕ ಗಳಿಸಿದರು. ವುಡನ್ ಅವರ ಹಿರಿಮೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆಗ ತಂಡಗಳನ್ನು ಭೂಗೋಳದ ಪ್ರಕಾರ ಹಂಚುತ್ತಿದ್ದರು, ಪಶ್ಚಿಮ ವಲಯ ಹೋಲಿಕೆಯಲ್ಲಿ ದುರ್ಬಲವಾಗಿತ್ತು, ಪ್ರಶಸ್ತಿಗೆ ನಾಲ್ಕು ಪಂದ್ಯ ಗೆದ್ದರೆ ಸಾಕಿತ್ತು. ಇಂದು ಆರು ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಆಗ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡಕ್ಕೆ ಅವಕಾಶವಿತ್ತು. 1971ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಇಡೀ ಋತುವಿನಲ್ಲಿ ಸೋತದ್ದು ಎರಡೇ ಪಂದ್ಯ, ಎರಡೂ ಯುಸಿಎಲ್‌ಎಗೆ. ಅವೆರಡರ ಕಾರಣಕ್ಕೆ ಅದು ಮನೆಯಲ್ಲೇ ಉಳಿಯಿತು. ಈ ಅಸಂಗತಿ ಯಾರಿಗೂ ಅಲ್ಲಗಳೆಯಲಾಗದಂತೆ ಬಯಲಾದದ್ದು 1974ರಲ್ಲಿ. ಅಟ್ಲಾಂಟಿಕ್ ಕರಾವಳಿ ಕಾನ್ಫರೆನ್ಸಿನ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ತಂಡವು ಮೇರಿಲ್ಯಾಂಡನ್ನು ಹೆಚ್ಚುವರಿ ಅವಧಿಯಲ್ಲಿ 103-100ರಿಂದ ಸೋಲಿಸಿತು. ದೇಶದ ಅತ್ಯುತ್ತಮ ನಾಲ್ಕೈದು ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡಿನ ಋತು ಅಲ್ಲಿಗೆ ಮುಗಿಯಿತು. ಗೆದ್ದ ತಂಡವೇ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎಯ ಏಳು ವರ್ಷಗಳ ಸರಪಳಿಯನ್ನು ಎರಡು ಹೆಚ್ಚುವರಿ ಅವಧಿಗಳಲ್ಲಿ ಕಡಿದು ಚಾಂಪಿಯನ್ ಆಯಿತು. ಹಾಗಾದರೆ ಆ ಚಾಂಪಿಯನ್ನನ್ನು ಸೋಲಿನ ಅಂಚಿಗೆ ತಂದಿದ್ದ ತಂಡಕ್ಕೆ ಜಾಗವಿಲ್ಲವೇ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. 1975ರಲ್ಲಿ ತಂಡಗಳು 32 ಆದವು, ಒಂದೇ ಕಾನ್ಫರೆನ್ಸಿನಿಂದ ಎರಡನೆಯ ತಂಡಕ್ಕೂ ಅವಕಾಶವಾಯಿತು. ಇದರ ಫಲ ಮರುವರ್ಷವೇ ಕಂಡಿತು: 1976ರ ಫೈನಲ್ ಆಡಿದ ಇಂಡಿಯಾನಾ ಮತ್ತು ಮಿಷಿಗನ್ ಎರಡೂ ಒಂದೇ ಕಾನ್ಫರೆನ್ಸಿನವು. ಗೆದ್ದ ಇಂಡಿಯಾನಾ ಆ ಋತುವಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಅಲ್ಲಿಂದ ಐವತ್ತು ವರ್ಷ ಕಳೆಯುತ್ತ ಬಂದರೂ ಪುರುಷರಲ್ಲಿ ಮತ್ತೊಂದು ಅಜೇಯ ಚಾಂಪಿಯನ್ ಬಂದಿಲ್ಲ.

1979ರಲ್ಲಿ ತಂಡಗಳು 40 ಆದಾಗ ಎಲ್ಲ ತಂಡಗಳಿಗೂ ಶ್ರೇಯಾಂಕ ಕೊಡುವ ಪದ್ಧತಿ ಬಂತು. ಅದೇ ವರ್ಷದ ಫೈನಲ್‌ನಲ್ಲಿ ಮಿಷಿಗನ್ ಸ್ಟೇಟ್‌ನ ಮ್ಯಾಜಿಕ್ ಜಾನ್ಸನ್ ಮತ್ತು ಇಂಡಿಯಾನಾ ಸ್ಟೇಟ್‌ನ ಲ್ಯಾರಿ ಬರ್ಡ್ ಎದುರುಬದುರಾದರು. ಪಂದ್ಯವೇನೂ ರೋಚಕವಾಗಿರಲಿಲ್ಲ, ಮ್ಯಾಜಿಕ್ ತಂಡ 75-64ರಿಂದ ಸಲೀಸಾಗಿ ಗೆದ್ದಿತು. ಆದರೆ ಟಿವಿ ಇದ್ದ ಮನೆಗಳಲ್ಲಿ ಶೇಕಡಾ 24ರಷ್ಟು ಆ ರಾತ್ರಿ ಅದನ್ನೇ ಹಾಕಿದ್ದವು. ಆ ಅನುಪಾತವನ್ನು ಬೇರಾವ ಬ್ಯಾಸ್ಕೆಟ್‌ಬಾಲ್ ಪಂದ್ಯವೂ ಈವರೆಗೆ ಮೀರಿಲ್ಲ. ಆ ಸೆಪ್ಟೆಂಬರ್‌ನಲ್ಲೇ ಇಎಸ್‌ಪಿಎನ್ ಎಂಬ ಹೊಸ ಕೇಬಲ್ ಚಾನೆಲ್ ಹುಟ್ಟಿತು. ದಿನದ ಇಪ್ಪತ್ನಾಲ್ಕು ಗಂಟೆ ತುಂಬಲು ಅದಕ್ಕೆ ಪಂದ್ಯಗಳು ಬೇಕಿದ್ದವು, ದೊಡ್ಡ ಚಾನೆಲ್‌ಗಳು ಕಡೆಗಣಿಸಿದ್ದ ಮೊದಲ ಸುತ್ತುಗಳು ಅದಕ್ಕೆ ಸಿಕ್ಕವು. ಜನರು ಫೈನಲ್‌ಗಿಂತ ಹೆಚ್ಚಾಗಿ ಮೊದಲ ಸುತ್ತುಗಳನ್ನೇ ಇಷ್ಟಪಡುತ್ತಾರೆಂಬುದು ಗೊತ್ತಾದದ್ದು ಆಗ.

ಏಕೆ ಇಷ್ಟಪಡುತ್ತಾರೆ? ವೃತ್ತಿಪರ ಲೀಗಿನಲ್ಲಿ ಏಳು ಪಂದ್ಯಗಳ ಸರಣಿ ಆಡುತ್ತಾರೆ, ಕೊನೆಗೆ ಹೆಚ್ಚಾಗಿ ಬಲಶಾಲಿ ತಂಡವೇ ಗೆಲ್ಲುತ್ತದೆ. ಇಲ್ಲಿ ಒಂದೇ ಪಂದ್ಯ, 40 ನಿಮಿಷ, ಸೋತರೆ ಮನೆಗೆ. ಮೂರು ಸಾವಿರ ವಿದ್ಯಾರ್ಥಿಗಳ ಕಾಲೇಜು ನಲವತ್ತು ಸಾವಿರ ವಿದ್ಯಾರ್ಥಿಗಳ ವಿಶ್ವವಿದ್ಯಾಲಯವನ್ನು ಒಂದು ಸಂಜೆಯ ಮಟ್ಟಿಗೆ ಮಣಿಸಬಲ್ಲದು. 1983ರಲ್ಲಿ ಹಕೀಂ ಒಲಾಜುವಾನ್ ಅವರಿದ್ದ ಹ್ಯೂಸ್ಟನ್ ತಂಡವನ್ನು ನಾರ್ತ್ ಕ್ಯಾರೊಲೈನಾ ಸ್ಟೇಟ್ 54-52ರಿಂದ ಸೋಲಿಸಿದ್ದು, ಗುರಿ ತಪ್ಪಿದ ಕೊನೆಯ ಎಸೆತವನ್ನು ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದ್ದರಿಂದ. 1985ರಲ್ಲಿ ತಂಡಗಳು 64 ಆದವು. ಎರಡರಿಂದ ಭಾಗಿಸುತ್ತ ಹೋದರೆ ಕೊನೆಗೆ ಒಂದೇ ಉಳಿಯುವ ಆ ಸಂಖ್ಯೆಯಿಂದಾಗಿ ನಿಮ್ಮ ಮಗಳ ಕಚೇರಿಯ ನಕ್ಷೆ ಒಂದು ಹಾಳೆಯಲ್ಲಿ ಅಚ್ಚುಕಟ್ಟಾಗಿ ಕೂರುವಂತಾಯಿತು. ತಂಡಗಳನ್ನು ನಾಲ್ಕು ವಲಯಗಳಿಗೆ ಹಂಚಿ ಪ್ರತಿ ವಲಯದಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. 1985ರಲ್ಲೇ ಎಂಟನೆಯ ಶ್ರೇಯಾಂಕದ ವಿಲನೋವಾ ಹಾಲಿ ಚಾಂಪಿಯನ್ ಜಾರ್ಜ್‌ಟೌನನ್ನು 66-64ರಿಂದ ಸೋಲಿಸಿತು. 28 ಎಸೆತಗಳಲ್ಲಿ 22 ಬುಟ್ಟಿಗೆ ಬಿದ್ದವು. ಅಷ್ಟು ಕೆಳಗಿನ ಶ್ರೇಯಾಂಕದ ತಂಡ ಮತ್ತೆ ಪ್ರಶಸ್ತಿ ಗೆದ್ದಿಲ್ಲ. ನಿಗದಿತ ಸಮಯದೊಳಗೆ ಎಸೆಯಲೇಬೇಕೆಂಬ ನಿಯಮ ಆಗಿನ್ನೂ ಇಲ್ಲದ್ದರಿಂದ ವಿಲನೋವಾ ಚೆಂಡನ್ನು ತಾಳ್ಮೆಯಿಂದ ಇಟ್ಟುಕೊಳ್ಳಬಹುದಾಗಿತ್ತು. ಮುಂದಿನ ಋತುವಿನಲ್ಲಿ 45 ಸೆಕೆಂಡುಗಳ ಗಡುವು ಬಂತು, ಅದರ ಮುಂದಿನ ವರ್ಷ ಮೂರು ಅಂಕಗಳ ಗೆರೆ. ಈ ಗೆರೆ ಸಣ್ಣ ಕಾಲೇಜುಗಳಿಗೆ ವರವಾಯಿತು. ಎತ್ತರದ ಆಟಗಾರರಿಲ್ಲದವರಿಗೆ ದೂರದಿಂದ ಗುರಿಯಿಡುವ ದಾರಿ ಸಿಕ್ಕಿತು.

64 ತಂಡಗಳ ಪಂದ್ಯಾವಳಿಯಲ್ಲಿ 63 ಪಂದ್ಯಗಳಿರುತ್ತವೆ. ಅವೆಲ್ಲದರ ಫಲಿತಾಂಶವನ್ನು ಊಹಿಸುವ ಬೇರೆ ಬೇರೆ ಬಗೆಗಳನ್ನು ಎಣಿಸಿದರೆ 9ರ ಮುಂದೆ ಇನ್ನೂ ಹದಿನೆಂಟು ಅಂಕಿಗಳು ನಿಲ್ಲುತ್ತವೆ. ಆಟ ಬಲ್ಲವನಿಗೂ ಬಾರದವನಿಗೂ ಪೂರ್ತಿ ಸರಿಯಾದ ನಕ್ಷೆ ಎಟುಕುವುದಿಲ್ಲ. ಆಟದ ಗಂಧಗಾಳಿ ಇಲ್ಲದ ಸಹೋದ್ಯೋಗಿಗಳು ಧೈರ್ಯವಾಗಿ ಭಾಗವಹಿಸುವುದು ಇದರಿಂದಲೇ.

ಆದರೆ ಈ ಸಮಾನತೆಯ ಸೊಬಗು ಕೆಲವೊಮ್ಮೆ ಎಳೆಯಷ್ಟರಲ್ಲಿ ಉಳಿದಿದೆ. 1980ರ ದಶಕದ ಕೊನೆಯಲ್ಲಿ ಸಣ್ಣ ಕಾನ್ಫರೆನ್ಸುಗಳ ವಿಜೇತರಿಗೆ ನೇರ ಪ್ರವೇಶ ಕೊಡುವುದು ವ್ಯರ್ಥವೆಂಬ ಮಾತು ಬಲವಾಗಿತ್ತು. 1989ರಲ್ಲಿ ಹದಿನಾರನೆಯ ಶ್ರೇಯಾಂಕದ ಪ್ರಿನ್ಸ್‌ಟನ್ ಮೊದಲ ಶ್ರೇಯಾಂಕದ ಜಾರ್ಜ್‌ಟೌನ್ ಎದುರು 50-49ರಿಂದ, ಒಂದೇ ಅಂಕದಿಂದ ಸೋತಿತು. ಆ ಸೋಲಿನ ನಂತರ ಆ ಮಾತು ತಣ್ಣಗಾಯಿತು. ಹದಿನಾರನೆಯವರು ಮೊದಲಿನವರನ್ನು ನಿಜವಾಗಿ ಸೋಲಿಸಲು 2018ರವರೆಗೆ ಕಾಯಬೇಕಾಯಿತು. ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯ ವರ್ಜೀನಿಯಾವನ್ನು 74-54ರಿಂದ, ಇಪ್ಪತ್ತು ಅಂಕಗಳ ಅಂತರದಿಂದ ಕೆಡವಿತು. ಆ ಅವಮಾನ ಹೊತ್ತ ವರ್ಜೀನಿಯಾ ಮರುವರ್ಷ ಚಾಂಪಿಯನ್ ಆಯಿತೆಂಬುದನ್ನು ಕಥೆಗಾರನೊಬ್ಬ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. 2023ರಲ್ಲಿ ಫೇರ್ಲಿ ಡಿಕಿನ್ಸನ್ ಪರ್ಡ್ಯೂವನ್ನು ಸೋಲಿಸಿ ಅದನ್ನು ಎರಡನೆಯ ಬಾರಿ ಸಾಧಿಸಿತು. ತಂಡಗಳ ಸಂಖ್ಯೆ 2001ರಲ್ಲಿ 65, 2011ರಲ್ಲಿ 68 ಆಗಿದೆ. 2020ರಲ್ಲಿ ಕೊರೊನಾದಿಂದ ಪಂದ್ಯಾವಳಿ ರದ್ದಾಯಿತು. ಎರಡನೆಯ ಮಹಾಯುದ್ಧವೂ ಅದನ್ನು ನಿಲ್ಲಿಸಿರಲಿಲ್ಲ.

ನೀವು ಹುಡುಗರ ಬಗ್ಗೆ ಕೇಳಿರುವಂತಿದ್ದರೂ ಹುಡುಗಿಯರ ಪಂದ್ಯಾವಳಿಯನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. 1972ರಲ್ಲಿ, ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು ಬಂದ ವರ್ಷವೇ, ಮಹಿಳೆಯರ ಪ್ರತ್ಯೇಕ ಸಂಘವೊಂದು ತನ್ನ ರಾಷ್ಟ್ರೀಯ ಪಂದ್ಯಾವಳಿಯನ್ನು ಆರಂಭಿಸಿತು. ಫಿಲಡೆಲ್ಫಿಯಾ ಬಳಿಯ ಇಮ್ಮ್ಯಾಕ್ಯುಲಾಟಾ ಎಂಬ ಪುಟ್ಟ ಕ್ಯಾಥೊಲಿಕ್ ಮಹಿಳಾ ಕಾಲೇಜು ಮೊದಲ ಮೂರು ಪ್ರಶಸ್ತಿಗಳನ್ನೂ ಗೆದ್ದಿತು. ಆ ಕಾನೂನಿಗೆ ಅಡ್ಡಗಾಲು ಹಾಕಿದ್ದ ಎನ್‌ಸಿಎಎ 1982ರಲ್ಲಿ ತನ್ನದೇ ಮಹಿಳಾ ಪಂದ್ಯಾವಳಿ ತೆರೆಯಿತು, ಆ ಸಂಘ ಮುಚ್ಚಿಹೋಯಿತು. ನಂತರದ ದಶಕಗಳಲ್ಲಿ ಟೆನೆಸಿಯ ಪ್ಯಾಟ್ ಸಮಿಟ್ 8 ಪ್ರಶಸ್ತಿಗಳನ್ನು ಗೆದ್ದರು. ಕನೆಕ್ಟಿಕಟ್‌ನ ಜೀನೊ ಆರಿಯೆಮಾ 2025ಕ್ಕೆ 12 ಮುಟ್ಟಿದ್ದಾರೆ. ಹೀಗಿದ್ದೂ 2021ರಲ್ಲಿ ಆರೆಗನ್ ಆಟಗಾರ್ತಿ ಸೆಡೋನಾ ಪ್ರಿನ್ಸ್ ಹಾಕಿದ ಒಂದು ಸಣ್ಣ ವಿಡಿಯೊ, ಪುರುಷರಿಗೆ ವಿಶಾಲವಾದ ವ್ಯಾಯಾಮಶಾಲೆಯನ್ನೂ ಮಹಿಳೆಯರಿಗೆ ಕೆಲವೇ ಡಂಬೆಲ್‌ಗಳನ್ನೂ ಇಟ್ಟದ್ದನ್ನು ಜಗತ್ತಿಗೆ ತೋರಿಸಿತು. ಪುರುಷರ ಪಂದ್ಯಾವಳಿಯ ಪ್ರಚಾರನಾಮವಾದ ‘ಮಾರ್ಚ್ ಮ್ಯಾಡ್‌ನೆಸ್’ ಅನ್ನು ಮಹಿಳೆಯರಿಗೂ ಬಳಸತೊಡಗಿದ್ದು ಅದರ ಮರುವರ್ಷ. 2024ರಲ್ಲಿ ಸೌತ್ ಕ್ಯಾರೊಲೈನಾ ಮತ್ತು ಅಯೋವಾ ನಡುವಿನ ಮಹಿಳಾ ಫೈನಲ್ಲನ್ನು ಸುಮಾರು 1.89 ಕೋಟಿ ಜನ ನೋಡಿದರು, ಪುರುಷರ ಫೈನಲ್ಲನ್ನು ಸುಮಾರು 1.48 ಕೋಟಿ.

ಇನ್ನು ಹಣದ ಮಾತು. ಪ್ರಸಾರದ ಹಕ್ಕಿಗೆ 1982ರಲ್ಲಿ ಸಿಬಿಎಸ್ ಎಂಬ ಟಿವಿ ಸಂಸ್ಥೆ ಮೂರು ವರ್ಷಗಳಿಗೆ 4.8 ಕೋಟಿ ಡಾಲರ್ ಕೊಟ್ಟಿತ್ತು. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಎಂಬ ಇನ್ನೊಂದು ಟಿವಿ ಸಂಸ್ಥೆ ಸೇರಿ 14 ವರ್ಷಗಳಿಗೆ 1,080 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡವು. 2016ರಲ್ಲಿ ಮತ್ತೆ 880 ಕೋಟಿ ಡಾಲರ್ ಸೇರಿಸಿ ಅದನ್ನು 2032ರವರೆಗೆ ವಿಸ್ತರಿಸಿದವು. ಎನ್‌ಸಿಎಎಯ ಆದಾಯದ ಸಿಂಹಪಾಲು ಇದೊಂದೇ ಪಂದ್ಯಾವಳಿಯದು. ತಂಡವೊಂದು ಇಲ್ಲಿ ಆಡುವ ಪ್ರತಿ ಪಂದ್ಯಕ್ಕೂ ಅದರ ಕಾನ್ಫರೆನ್ಸಿಗೆ ಆರು ವರ್ಷಗಳ ಕಂತಿನಲ್ಲಿ ಒಂದು ಪಾಲು ಸಲ್ಲುತ್ತದೆ, ಸಣ್ಣ ಕಾನ್ಫರೆನ್ಸಿಗೆ ಒಂದು ಅನಿರೀಕ್ಷಿತ ಗೆಲುವು ವರ್ಷಗಳ ಖರ್ಚನ್ನು ತೂಗಿಸುತ್ತದೆ. ಮಹಿಳಾ ಪಂದ್ಯಾವಳಿಗೆ ಇಂಥ ಪಾಲು ಆರಂಭವಾದದ್ದು 2025ರಲ್ಲಷ್ಟೇ.

ಆಡುವವರಿಗೆ ಬಹುಕಾಲ ಸಿಕ್ಕದ್ದು ವಿದ್ಯಾರ್ಥಿವೇತನ ಮಾತ್ರ. ಅವರು ವಿದ್ಯಾರ್ಥಿಗಳು, ನೌಕರರಲ್ಲ ಎಂಬುದು ಎನ್‌ಸಿಎಎಯ ವಾದವಾಗಿತ್ತು. ಕೋಚ್‌ಗಳ ಸಂಬಳ ಮಾತ್ರ ಆ ವಾದದ ಹೊರಗೆ ಬೆಳೆಯುತ್ತಿತ್ತು. 1995ರಲ್ಲಿ ಯುಸಿಎಲ್‌ಎಗೆ ಪ್ರಶಸ್ತಿ ತಂದ ಎಡ್ ಓಬ್ಯಾನನ್, ತನ್ನನ್ನೇ ಹೋಲುವ ಆಟಗಾರನನ್ನು ವಿಡಿಯೊ ಗೇಮ್ ಒಂದರಲ್ಲಿ ಕಂಡು 2009ರಲ್ಲಿ ಮೊಕದ್ದಮೆ ಹೂಡಿದರು. ಅಲ್ಲಿಂದ ಆ ವಾದ ಸಡಿಲವಾಗುತ್ತ ಬಂತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಬಳಸಿ ಸಂಪಾದಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಪ್ರತಿ ಕಾಲೇಜೂ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ 2025-26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದಾಯಿತು.

ಇದು ನ್ಯಾಯವೇ ಹೌದು, ಬಹಳ ತಡವಾಗಿ ಬಂದ ನ್ಯಾಯ. ಇದರ ಜೊತೆಗೆ ಒಂದು ವರ್ಷ ಕಾಯದೆ ಕಾಲೇಜು ಬದಲಾಯಿಸುವ ಸ್ವಾತಂತ್ರ್ಯವೂ ಸಿಕ್ಕಿದ್ದರಿಂದ, ಸಣ್ಣ ಕಾಲೇಜಿನಲ್ಲಿ ಮಿಂಚಿದ ಹುಡುಗ ಮರುವರ್ಷ ಹಣವಿರುವ ದೊಡ್ಡ ಕಾಲೇಜಿನಲ್ಲಿರುತ್ತಾನೆ. 2025ರಲ್ಲಿ ಕೊನೆಯ 16 ತಂಡಗಳೂ ನಾಲ್ಕೇ ದೊಡ್ಡ ಕಾನ್ಫರೆನ್ಸುಗಳಿಗೆ ಸೇರಿದ್ದವು, ಅವುಗಳಲ್ಲಿ ಏಳು ಒಂದೇ ಆಗ್ನೇಯ ಕಾನ್ಫರೆನ್ಸಿನವು. ಸೆಮಿಫೈನಲ್‌ಗೆ ಬಂದ ನಾಲ್ಕೂ ತಂಡಗಳು ಮೊದಲ ಶ್ರೇಯಾಂಕದವು. ಸಣ್ಣವರ ಕಾಲ ಮುಗಿಯಿತೆಂದು ಈ ಒಂದು ವರ್ಷದಿಂದ ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಅದಕ್ಕೂ ಎರಡೇ ವರ್ಷ ಮೊದಲು, 2023ರಲ್ಲಿ, ಒಂಬತ್ತನೆಯ ಶ್ರೇಯಾಂಕದ ಫ್ಲಾರಿಡಾ ಅಟ್ಲಾಂಟಿಕ್ ಸೆಮಿಫೈನಲ್‌ನಲ್ಲಿ ಸ್ಯಾನ್ ಡಿಯೆಗೊ ಸ್ಟೇಟ್‌ಗೆ ಕೊನೆಯ ಕ್ಷಣದ ಎಸೆತದಿಂದ 72-71ರಲ್ಲಿ ಸೋತಿತ್ತು. ಆದರೂ ಈ ಪಂದ್ಯಾವಳಿಯನ್ನು ಬಲ್ಲವರು ಈಗ ಚಾಂಪಿಯನ್ ಯಾರೆಂಬುದಕ್ಕಿಂತ ಮೊದಲ ಎರಡು ದಿನಗಳಲ್ಲಿ ಎಷ್ಟು ಸಣ್ಣ ಕಾಲೇಜುಗಳು ಗೆದ್ದವೆಂಬುದನ್ನೇ ಹೆಚ್ಚು ಗಮನವಿಟ್ಟು ನೋಡುತ್ತಿದ್ದಾರೆ.